ಪಿಕಪ್ ಒಂದೇ, ಲೆಕ್ಕ ಎರಡು

ರೈತ ತೆರಿಗೆ ಕಟ್ಟುವುದಿಲ್ಲ ಎಂಬ ಮಾತನ್ನು ಕೇಳಿ ಕೇಳಿ ನಮ್ಮ ಕಿವಿ ತೂತಾಗಿದೆ. ಬಜೆಟ್ಟಿನ ತಿಂಗಳು ಬಂತೆಂದರೆ ಸಾಕು, ‘ಹಳ್ಳಿಯವರಿಗೆ ಎಲ್ಲಾ ಮಾಫಿ, ಸಂಬಳದವನಿಗೆ ಮಾತ್ರ ಬರೆ’ ಎಂದು ಪೇಟೆಯವರು ಶುರು ಹಚ್ಚಿಕೊಳ್ಳುತ್ತಾರೆ. ಇಂಥವರ ಹತ್ತಿರ ಬಾಯಿಜಗಳ ಬೇಡ. ಒಂದು ಪಿಕಪ್ ಗಾಡಿಯ ಲೆಕ್ಕವನ್ನು ಅವರ ಮುಂದಿಡೋಣ. ಯಾರು ಕಟ್ಟುತ್ತಾರೆ, ಕಟ್ಟಿದ್ದನ್ನು ಯಾರು ವಾಪಸು ತಗೋತಾರೆ ಅನ್ನೋದು ಅಲ್ಲೇ ಬಯಲಾಗುತ್ತದೆ.

ಒಂದೇ ದಿನ ಇಬ್ಬರು ಒಂದೇ ಥರದ ಪಿಕಪ್ ಕೊಂಡರು ಎಂದಿಟ್ಟುಕೊಳ್ಳಿ. ಒಬ್ಬ ತಾಲ್ಲೂಕು ಪೇಟೆಯ ಗೊಬ್ಬರ, ಔಷಧಿ ಅಂಗಡಿಯ ಸಾಹುಕಾರ. ಇನ್ನೊಬ್ಬ ಮೂರೆಕರೆ ಟೊಮೇಟೊ ಹಾಕಿದ ರೈತ. ಲೆಕ್ಕಕ್ಕೆ ಸುಲಭವಾಗಲೆಂದು ಗಾಡಿಯ ಬೆಲೆ 8 ಲಕ್ಷ ಎನ್ನೋಣ. 2025ರ ಸೆಪ್ಟೆಂಬರ್ 22ಕ್ಕೆ ಮೊದಲು ಇದರ ಮೇಲೆ ಶೇ. 28 ಜಿ.ಎಸ್.ಟಿ. ಇತ್ತು, ಆ ದಿನದಿಂದ ಶೇ. 18 ಆಯಿತು. ಅಂದರೆ 1,44,000 ರೂಪಾಯಿ. ಇಬ್ಬರೂ 9,44,000 ರೂಪಾಯಿ ಎಣಿಸಿಕೊಟ್ಟು ಗಾಡಿ ಹೊರಗೆ ತಂದರು. ಇಲ್ಲಿಯವರೆಗೆ ಇಬ್ಬರೂ ಸಮ.

ಇನ್ನು ಮುಂದೆ ದಾರಿ ಬೇರೆಯಾಗುತ್ತದೆ. ಸಾಹುಕಾರ ಜಿ.ಎಸ್.ಟಿ.ಯಲ್ಲಿ ನೋಂದಾಯಿಸಿ, ತೆರಿಗೆ ಇರುವ ಮಾಲು ಮಾರುವವನು. ಸರಕು ಸಾಗಿಸುವ ಗಾಡಿಗೆ ಕೊಟ್ಟ ಆ 1,44,000ವನ್ನು, ಮಾಲು ಮಾರುವಾಗ ತಾನು ಕಟ್ಟಬೇಕಾದ ತೆರಿಗೆಯಲ್ಲಿ ಮುರಿದುಕೊಳ್ಳುತ್ತಾನೆ. ಅವನಿಗೆ ಗಾಡಿ ಬಿದ್ದದ್ದು 8 ಲಕ್ಷಕ್ಕೆ. ಅಷ್ಟಕ್ಕೇ ಮುಗಿಯಲಿಲ್ಲ. ಗಾಡಿ ಸವೆಯುತ್ತದಲ್ಲ, ಆ ಸವಕಳಿಗೆಂದು ವರ್ಷಕ್ಕೆ ಶೇ. 15ರಂತೆ ಲಾಭದಿಂದ ಕಳೆಯಲು ಆದಾಯ ತೆರಿಗೆ ಕಾನೂನು ಬಿಡುತ್ತದೆ. ಮೊದಲ ವರ್ಷ ಗಾಡಿ 180 ದಿನವಾದರೂ ಕೆಲಸಕ್ಕೆ ಬಂದಿದ್ದರೆ 1,20,000, ಎರಡನೇ ವರ್ಷ 1,02,000, ಮೂರನೇ ವರ್ಷ 86,700. ಮೂರು ವರ್ಷಕ್ಕೆ 3,08,700 ರೂಪಾಯಿ. ಇದರ ಮೇಲೆ ಸಾಲದ ಬಡ್ಡಿ, ಡೀಸೆಲ್, ಡ್ರೈವರನ ಸಂಬಳ, ವಿಮೆ, ಟಯರು, ರಿಪೇರಿ, ಎಲ್ಲವೂ ಖರ್ಚಿನ ಬಾಬ್ತು. ಶೇ. 30ರ ಹಂತದಲ್ಲಿ ತೆರಿಗೆ ಕಟ್ಟುವ ಸಾಹುಕಾರನಿಗೆ ಮೊದಲ ವರ್ಷದ ಸವಕಳಿಯೊಂದರಿಂದಲೇ 36,000 ರೂಪಾಯಿ ತೆರಿಗೆ ಉಳಿಯಿತು.

ಇದು ಕಳ್ಳಲೆಕ್ಕ ಅಲ್ಲ, ಕಾನೂನು. ಸಾಹುಕಾರನ ಮೇಲೆ ನಮಗೆ ಹೊಟ್ಟೆಕಿಚ್ಚೂ ಇಲ್ಲ. ದುಡಿಯುವ ಗಾಡಿಯ ಖರ್ಚನ್ನು ಲೆಕ್ಕಕ್ಕೆ ಹಿಡಿಯುವುದು ನ್ಯಾಯವೇ. ನಮ್ಮ ಪ್ರಶ್ನೆ ಇಷ್ಟೇ: ಅದೇ ಗಾಡಿ ರೈತನ ಮನೆ ಮುಂದೆ ನಿಂತರೆ ಆ ನ್ಯಾಯ ಎಲ್ಲಿ ಹೋಗುತ್ತದೆ?

ರೈತ ಹಸಿ ಟೊಮೇಟೊ ಮಾರುತ್ತಾನೆ. ಅದರ ಮೇಲೆ ಜಿ.ಎಸ್.ಟಿ. ಇಲ್ಲ. ಮಾರುವಾಗ ತೆರಿಗೆ ಇಲ್ಲದ ಮೇಲೆ ಕೊಂಡಾಗ ಕೊಟ್ಟದ್ದನ್ನು ಯಾವುದರಲ್ಲಿ ಮುರಿದುಕೊಳ್ಳಬೇಕು? ನೋಂದಣಿ ಮಾಡಿಸಿದರೂ ಪ್ರಯೋಜನವಿಲ್ಲ. 1,44,000 ಹೋದದ್ದು ಹೋಯಿತು. ಆದಾಯ ತೆರಿಗೆಯಲ್ಲೋ, ಕೃಷಿ ವರಮಾನಕ್ಕೆ ವಿನಾಯಿತಿ. ಕಳೆಯಬೇಕಾದರೆ ಮೊದಲು ಕೂಡಿರಬೇಕಲ್ಲ! ಹಾಗಾಗಿ ಸವಕಳಿಯೂ ಇಲ್ಲ, ಬಡ್ಡಿಯೂ ಇಲ್ಲ. ಹಾಗಾದರೆ ಬೆಲೆಯಲ್ಲಾದರೂ ಆ ಖರ್ಚು ಬರುತ್ತದೆಯೇ? ಟೊಮೇಟೊಗೆ, ಈರುಳ್ಳಿಗೆ ಕೇಂದ್ರದ ಬೆಂಬಲ ಬೆಲೆಯೇ ಇಲ್ಲ. ಕೋಲಾರದ ಮಾರುಕಟ್ಟೆಯಲ್ಲಿ ಹರಾಜು ಕೂಗುವವನು ನಿಮ್ಮ ಗಾಡಿಯ ಕಂತು ಎಷ್ಟು ಅಂತ ಕೇಳುತ್ತಾನೇನ್ರೀ? ಡೀಸೆಲ್ ಬೇರೆ ಇದೆ. ಅದರ ಮೇಲಿನ ರಾಜ್ಯದ ಮಾರಾಟ ತೆರಿಗೆಯನ್ನು 2025ರ ಏಪ್ರಿಲ್ 1ರಿಂದ ಶೇ. 18.44ರಿಂದ 21.17ಕ್ಕೆ ಏರಿಸಿದರು. ಅದನ್ನೂ ಕಟ್ಟುವವನು ಈ ‘ತೆರಿಗೆ ಕಟ್ಟದ’ ರೈತನೇ.

ಇನ್ನೊಂದು ವಿಚಿತ್ರ ನೋಡಿ. ಟ್ರ್ಯಾಕ್ಟರಿಗೆ ಶೇ. 12 ಇದ್ದ ಜಿ.ಎಸ್.ಟಿ.ಯನ್ನು ಅದೇ 2025ರ ಸೆಪ್ಟೆಂಬರಿನಲ್ಲಿ ಶೇ. 5ಕ್ಕೆ ಇಳಿಸಿದರು. ಒಳ್ಳೆಯದಾಯಿತು. ಆದರೆ ಪಿಕಪ್ಪಿಗೆ ಶೇ. 18. ಅಂದರೆ ಉಳುವುದು ಬೇಸಾಯ, ಬೆಳೆದದ್ದನ್ನು ಮಾರುಕಟ್ಟೆಗೆ ಒಯ್ಯುವುದು ಬೇಸಾಯವಲ್ಲ! ಸರ್ಕಾರದ ಕಣ್ಣಿಗೆ ರೈತ ಕಾಣುವುದು ಹೊಲದ ಬದುವಿನ ತನಕ. ಬದು ದಾಟಿ ರಸ್ತೆಗೆ ಬಂದರೆ ಅವನೂ ಒಬ್ಬ ಗಿರಾಕಿ, ಅದೂ ತೆರಿಗೆ ವಾಪಸು ಸಿಗದ ಗಿರಾಕಿ. ಇಪ್ಪತ್ತು ಮೂವತ್ತು ಮೈಲಿ ದೂರದ ಮಾರುಕಟ್ಟೆಗೆ ರಾತ್ರೋರಾತ್ರಿ ಹಣ್ಣು ಮುಟ್ಟಿಸಬೇಕು, ಟ್ರ್ಯಾಕ್ಟರಿನಲ್ಲಿ ಹೊರಟರೆ ಹರಾಜೇ ಮುಗಿದಿರುತ್ತದೆ.

ಪಿಕಪ್ ರೈತನ ಸಲಕರಣೆ ಎಂಬುದು ನಮ್ಮ ಹೊಸ ಮಾತೇನೂ ಅಲ್ಲ. 2023ರ ಜುಲೈ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರವೇ ಗುಡ್ಡಗಾಡು ಪ್ರದೇಶದ ರೈತರಿಗೆ ಪಿಕಪ್ ವ್ಯಾನ್ ಕೊಳ್ಳಲು ಶೇ. 4 ಬಡ್ಡಿಯಲ್ಲಿ 7 ಲಕ್ಷದವರೆಗೆ ಸಾಲ ಎಂದು ಘೋಷಿಸಿತು. ಸಾಲ ಕೊಡುವಾಗ ಅದು ಕೃಷಿ ಸಲಕರಣೆ, ತೆರಿಗೆ ಹಾಕುವಾಗ ಮಾತ್ರ ವ್ಯಾಪಾರದ ಗಾಡಿ. ಇದು ಯಾವ ಊರಿನ ನ್ಯಾಯ?

ಹಾಗಾದರೆ ನಮಗೂ ಆದಾಯ ತೆರಿಗೆಯಲ್ಲಿ ಕಳೆತ ಕೊಡಿ ಎಂದು ಕೇಳೋಣವೇ? ಬೇಡ. ಅದು ಬೋನಿಗೆ ನಾವೇ ತಲೆ ಕೊಟ್ಟಂತೆ. ಕಳೆತ ಕೇಳಿದರೆ ‘ಮೊದಲು ತೆರಿಗೆಗೆ ಬಾ’ ಅಂತಾರೆ. ನಾವು ಕೇಳಬೇಕಾದದ್ದು ಒಂದೇ: ರೈತ ತನ್ನ ಮಾಲು ಸಾಗಿಸಲು ಕೊಳ್ಳುವ ಸಣ್ಣ ಸರಕು ಗಾಡಿಗೆ ಟ್ರ್ಯಾಕ್ಟರಿನಂತೆ ಶೇ. 5 ಜಿ.ಎಸ್.ಟಿ. ಹಾಕಿ. ಇಲ್ಲವೇ ಹೆಚ್ಚಿಗೆ ತೆಗೆದುಕೊಂಡದ್ದನ್ನು ಅವನ ಖಾತೆಗೆ ವಾಪಸು ಹಾಕಿ. ನಮ್ಮ ಲೆಕ್ಕದ ಗಾಡಿಯಲ್ಲಿ ಇದು 1,04,000 ರೂಪಾಯಿಯ ಮಾತು. ರೈತರ ಹೆಸರಿನಲ್ಲಿ ಬೇರೆಯವರು ಕೊಳ್ಳುತ್ತಾರೆ ಎಂದು ಅಧಿಕಾರಿಗಳು ರಾಗ ಎಳೆಯುತ್ತಾರೆ. ಪಹಣಿ ಯಾರ ಹತ್ತಿರ ಇದೆ? ಹನಿ ನೀರಾವರಿ ಸಬ್ಸಿಡಿ ಕೊಡುವಾಗ ರೈತ ಯಾರೆಂದು ಗುರುತು ಸಿಗುತ್ತದೆ, ಇದಕ್ಕೆ ಮಾತ್ರ ಸಿಗುವುದಿಲ್ಲವೇ? ಕುಟುಂಬಕ್ಕೆ ಒಂದೇ ಗಾಡಿ, ಐದು ವರ್ಷ ಮಾರಕೂಡದು ಎಂದು ಷರತ್ತು ಹಾಕಲಿ, ಯಾರು ಬೇಡ ಅಂದರು?

ಅಲ್ಲಿಯವರೆಗೆ ಮೂರು ಮಾತು ನೆನಪಿರಲಿ. ಒಂದು, ‘ಗಾಡಿ ತಗೊಳ್ಳಿ, ಟ್ಯಾಕ್ಸ್ ಉಳಿಯುತ್ತೆ’ ಎನ್ನುವ ಮಾರಾಟಗಾರನ ಮಾತಿಗೆ ಮರುಳಾಗಬೇಡಿ. ಬೇಸಾಯ ಬಿಟ್ಟು ಬೇರೆ ವರಮಾನವಿಲ್ಲದವನಿಗೆ ಉಳಿಯುವುದು ಸಾಲ ಮಾತ್ರ. ಎರಡು, ಅಕ್ಕಪಕ್ಕದವರ ಮಾಲನ್ನು ಬಾಡಿಗೆಗೆ ಸಾಗಿಸಿದರೆ ಆ ಹಣ ವ್ಯಾಪಾರದ ವರಮಾನ, ಕೃಷಿಯದಲ್ಲ. ಹೆದರಬೇಡಿ. ಹತ್ತು ಗಾಡಿಯೊಳಗೆ ಇರುವವರು ಪಿಕಪ್ಪಿನಂಥ ಗಾಡಿಗೆ ತಿಂಗಳಿಗೆ 7,500, ವರ್ಷಕ್ಕೆ 90,000 ರೂಪಾಯಿ ಲಾಭವೆಂದು ತೋರಿಸಿದರೆ ಪುಸ್ತಕ ಬರೆಯದೆ ಮುಗಿಯುತ್ತದೆ. ಹೆಚ್ಚು ಲಾಭ ಬಂದಿದ್ದರೆ ಹೆಚ್ಚೇ ತೋರಿಸಬೇಕು. ಆಮೇಲೆ ಡೀಸೆಲ್, ಸವಕಳಿ ಎಂದು ಬೇರೆ ಕಳೆಯುವಂತಿಲ್ಲ. ಮೂರು, ಗಾಡಿಯ ಒಡೆಯನಿಗೇ ಸಂಬಳವೋ ಬಾಡಿಗೆಯೋ ಬರುತ್ತಿದ್ದು ಅದು ತೆರಿಗೆ ಮಿತಿ ದಾಟಿದರೆ, ತೆರಿಗೆಯ ದರ ಗೊತ್ತುಮಾಡಲು ಅವನ ಕೃಷಿ ವರಮಾನವನ್ನೂ ಸೇರಿಸಿ ನೋಡುತ್ತಾರೆ. ಆಗ ಸೇರಿಸುವುದು ಖರ್ಚು ಕಳೆದ ನಿವ್ವಳ ವರಮಾನವನ್ನು. ರೈತನ ಪಿಕಪ್ಪಿನ ಖರ್ಚು ಲೆಕ್ಕಕ್ಕೆ ಬರುವ ಜಾಗ ಇದೊಂದೇ. ಡೀಸೆಲ್ ಚೀಟಿ, ರಿಪೇರಿ ಬಿಲ್ಲು, ಬಡ್ಡಿಯ ರಸೀದಿ ಬಿಸಾಡಬೇಡಿ.

ಜಿ.ಎಸ್.ಟಿ. ಮಂಡಳಿಯಲ್ಲಿ ನಮ್ಮ ರಾಜ್ಯದ ಮಂತ್ರಿಯೂ ಕೂರುತ್ತಾರೆ. ಓಟು ಕೇಳಲು ಬರುವವರಿಗೆ, ಸಂಸದರಿಗೆ, ಶಾಸಕರಿಗೆ ಈ ಎರಡು ಗಾಡಿಗಳ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಕೈಗೆ ಕೊಡಿ. ಗ್ರಾಮಸಭೆಯಲ್ಲಿ ಠರಾವು ಮಾಡಿ ಕಳಿಸಿ. ಇನ್ನು ಪೇಟೆಯಲ್ಲಿ ಯಾರಾದರೂ ರೈತ ತೆರಿಗೆ ಕಟ್ಟುವುದಿಲ್ಲ ಎಂದರೆ, ಮಾತು ಬೆಳೆಸದೆ ನಿಮ್ಮ ಗಾಡಿ ಕೊಂಡ ಬಿಲ್ಲನ್ನು ತೆಗೆದು ತೋರಿಸಿ.