ಆತಿಥ್ಯದ ವಿಶ್ವಕಪ್ಪು ಮತ್ತು ಗಡಿ ತಾಲ್ಲೂಕಿನ ಆಟದ ಬಯಲು

2022ರ ಅಕ್ಟೋಬರ್‌ನಲ್ಲಿ ಭಾರತದಲ್ಲೇ ನಡೆದ 17 ವರ್ಷದೊಳಗಿನ ಮಹಿಳೆಯರ ಫಿಫಾ ವಿಶ್ವಕಪ್ಪಿನಲ್ಲಿ ಆತಿಥೇಯ ತಂಡವು ಭುವನೇಶ್ವರದ ಕಳಿಂಗ ಕ್ರೀಡಾಂಗಣದಲ್ಲಿ ಅಮೆರಿಕಕ್ಕೆ 0–8, ಮೊರಾಕೊಗೆ 0–3, ಬ್ರೆಜಿಲ್‌ಗೆ 0–5 ಅಂತರದಿಂದ ಸೋತು, ಹದಿನಾರು ಗೋಲು ಬಿಟ್ಟುಕೊಟ್ಟು ಒಂದನ್ನೂ ಹೊಡೆಯದೆ ಗುಂಪು ಹಂತದಲ್ಲೇ ಹೊರಬಿದ್ದಿತು. ಆ ಸೋಲಿನ ಸುತ್ತ ಎದ್ದ ವಿವಾದದಲ್ಲಿ ಒಂದು ಪಕ್ಷವು ಆಟಗಾರ್ತಿಯರ ಯೋಗ್ಯತೆಯನ್ನೇ ಪ್ರಶ್ನಿಸಿದರೆ, ಇನ್ನೊಂದು ಪಕ್ಷವು ‘ದೊಡ್ಡ ವೇದಿಕೆಯ ಅನುಭವ ಸಿಕ್ಕಿತಲ್ಲ’ ಎಂದು ಸಮಾಧಾನ ಹೇಳಿತು. ಎರಡೂ ಮಾತುಗಳು ಉತ್ತರ ಕೊಡಬೇಕಾದವರನ್ನು ಪಾರುಮಾಡುವ ಮಾತುಗಳೇ. ವಿಶ್ವಕಪ್ಪನ್ನು ನಡೆಸುವ ದೇಶಕ್ಕೆ ಅರ್ಹತಾ ಸುತ್ತುಗಳನ್ನು ಆಡದೆಯೇ ಸಿಗುವ ಸ್ಥಾನವನ್ನು ಆತಿಥೇಯರ ನೇರ ಪ್ರವೇಶ ಎನ್ನುತ್ತಾರೆ. ಭಾರತದ ಫುಟ್‌ಬಾಲ್ ಆಡಳಿತವು ಈ ನೇರ ಪ್ರವೇಶವನ್ನೇ ಬೆಳವಣಿಗೆಯೆಂದು ಬಗೆಯಿತು. ಹದಿನಾರು ಗೋಲುಗಳ ಲೆಕ್ಕ ಬರೆಯಬೇಕಾದದ್ದು ಆ ಖಾತೆಯಲ್ಲಿ.

ಆ ತಂಡವು ಮೈದಾನಕ್ಕೆ ಇಳಿದ ದಾರಿಯನ್ನು ನೋಡಿದರೆ ಸಾಕು. ಈ ವಿಶ್ವಕಪ್ಪು ಮೂಲತಃ 2020ರಲ್ಲೇ ಭಾರತದಲ್ಲಿ ನಡೆಯಬೇಕಾಗಿದ್ದು, ಕೋವಿಡ್ ಕಾರಣದಿಂದ ಮೊದಲು ಮುಂದೂಡಲ್ಪಟ್ಟು ಕೊನೆಗೆ ರದ್ದಾಯಿತು; ಅದಕ್ಕಾಗಿ ಶಿಬಿರಗಳಲ್ಲಿ ಬೆವರು ಸುರಿಸಿದ್ದ, 2003 ಮತ್ತು 2004ರಲ್ಲಿ ಹುಟ್ಟಿದ ಹುಡುಗಿಯರು ವಯೋಮಿತಿ ದಾಟಿ ಒಂದೂ ಪಂದ್ಯ ಆಡದೆ ಹೊರಗುಳಿದರು. ಅವರನ್ನು ಸಿದ್ಧಪಡಿಸುತ್ತಿದ್ದ ಸ್ವೀಡನ್ನಿನ ತರಬೇತುದಾರ ಥಾಮಸ್ ಡೆನ್ನರ್‌ಬಿಯವರನ್ನು ನಡುವೆ ಹಿರಿಯರ ತಂಡಕ್ಕೆ ಕಳಿಸಿ, ಹಿರಿಯರ ಏಷ್ಯಾ ಕಪ್ ಮುಗಿದ ಮೇಲೆ 2022ರಲ್ಲಿ ಮರಳಿ ಕಿರಿಯರ ತಂಡಕ್ಕೆ ತರಲಾಯಿತು. ಹೀಗೆ ಹೊಸದಾಗಿ ಕೂಡಿಸಿದ ತಂಡಕ್ಕೆ ವಿಶ್ವಕಪ್ಪಿಗೆ ಮೊದಲು ದೊರೆತದ್ದು ಕೆಲವೇ ತಿಂಗಳ ಶಿಬಿರ ಮತ್ತು ಯೂರೋಪಿನ ಪ್ರವಾಸ. ಆ ಪ್ರವಾಸದ ವೇಳೆಯಲ್ಲೇ ಆಟಗಾರ್ತಿಯೊಬ್ಬಳೊಂದಿಗೆ ಅನುಚಿತವಾಗಿ ವರ್ತಿಸಿದ ಆರೋಪದ ಮೇಲೆ ಸಹಾಯಕ ತರಬೇತುದಾರರೊಬ್ಬರನ್ನು ವಜಾಗೊಳಿಸಬೇಕಾಗಿ ಬಂತೆಂಬುದನ್ನು ಸೋಲಿನ ವಿಮರ್ಶೆ ಬರೆದವರಲ್ಲಿ ಎಷ್ಟು ಮಂದಿ ನೆನಪಿಟ್ಟರು?

ಇಷ್ಟು ಸಾಲದೆಂಬಂತೆ ಆಗಸ್ಟ್ ತಿಂಗಳಲ್ಲಿ ಆ ವಿಶ್ವಕಪ್ಪೇ ಕೈತಪ್ಪುವ ಹಂತಕ್ಕೆ ಹೋಗಿತ್ತು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಆಡಳಿತ ಮಂಡಳಿಯ ಅವಧಿ 2020ರ ಡಿಸೆಂಬರ್‌ನಲ್ಲೇ ಮುಗಿದಿದ್ದರೂ ಚುನಾವಣೆ ನಡೆಯದಿದ್ದುದರಿಂದ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಮೂವರು ಸದಸ್ಯರ ಆಡಳಿತಗಾರರ ಸಮಿತಿಯನ್ನು ನೇಮಿಸಿತು. ಇದನ್ನು ‘ಮೂರನೆಯವರ ಹಸ್ತಕ್ಷೇಪ’ ಎಂದು ಕರೆದ ಫಿಫಾ, ಭಾರತದ ಸ್ವಾತಂತ್ರ್ಯೋತ್ಸವದ ದಿನವೇ ಫೆಡರೇಷನ್ನನ್ನು ಅಮಾನತಿನಲ್ಲಿಟ್ಟಿತು. ಅಮಾನತು ಎಂದರೆ ಅದರ ಯಾವ ತಂಡವೂ ಅಂತರರಾಷ್ಟ್ರೀಯ ಪಂದ್ಯ ಆಡುವಂತಿಲ್ಲ, ದೇಶದ ಕ್ಲಬ್ಬುಗಳೂ ಆಡುವಂತಿಲ್ಲ. ಏಷ್ಯಾದ ಕ್ಲಬ್ ಚಾಂಪಿಯನ್‌ಶಿಪ್ಪಿಗೆಂದು ತಾಷ್ಕೆಂಟಿನಲ್ಲಿ ಆಗಲೇ ಇಳಿದಿದ್ದ ಗೋಕುಲಂ ಕೇರಳ ಮಹಿಳಾ ತಂಡವು ಒಂದೂ ಪಂದ್ಯ ಆಡದೆ ವಾಪಸಾಯಿತು. ನ್ಯಾಯಾಲಯವು ಸಮಿತಿಯನ್ನು ಹಿಂತೆಗೆದುಕೊಂಡ ಬಳಿಕ ಆಗಸ್ಟ್ 26ರಂದು ಅಮಾನತು ತೆರವಾಯಿತೆಂಬುದು ನಿಜ. ಆದರೆ ಗಂಡಸರ ಕುರ್ಚಿ ಜಗಳದ ದಂಡವನ್ನು ತೆರಬೇಕಾಗಿ ಬಂದದ್ದು ಹೆಣ್ಣುಮಕ್ಕಳ ತಂಡಗಳು ಎಂಬುದೂ ಅಷ್ಟೇ ನಿಜ.

ಇದೇ ಫೆಡರೇಷನ್ನು 2017ರಲ್ಲಿ ಬಾಲಕರ ವಿಶ್ವಕಪ್ಪನ್ನು ನಡೆಸಿದಾಗ, ಬೆಂಗಳೂರಿನ ಸಂಜೀವ್ ಸ್ಟಾಲಿನ್, ಕೊಲ್ಹಾಪುರದ ಅನಿಕೇತ್ ಜಾಧವ್ ಇದ್ದ ಆ ತಂಡವೂ ಮೂರಕ್ಕೆ ಮೂರು ಪಂದ್ಯಗಳನ್ನು ಸೋತಿತ್ತು. ಆದರೆ ಆ ಹುಡುಗರನ್ನು ಇಂಡಿಯನ್ ಆರೋಸ್ ಎಂಬ ಹೆಸರಿನಲ್ಲಿ ಒಂದೇ ತಂಡವಾಗಿ ಉಳಿಸಿಕೊಂಡು, ವೃತ್ತಿಪರ ಕ್ಲಬ್ಬುಗಳ ಐ-ಲೀಗ್‌ನಲ್ಲಿ ಇಡೀ ಋತು ಆಡಿಸಲಾಯಿತು. ಬಾಲಕಿಯರ ವಿಶ್ವಕಪ್ಪು ನಡೆದ ವರ್ಷದಲ್ಲೇ ಆ ಯೋಜನೆಯನ್ನು ಕೈಬಿಡಲಾಯಿತು. ಬ್ರೆಜಿಲ್ ವಿರುದ್ಧದ ಪಂದ್ಯ ಮುಗಿದ ಮೇಲೆ ಆ ಬಾಲಕಿಯರನ್ನು ಒಟ್ಟಿಗೆ ಹಿಡಿದಿಡುವ ಅಂಥ ವ್ಯವಸ್ಥೆ ಉಳಿಯಲಿಲ್ಲ. ಬಾಲಕಿಯರ ಆ ತಂಡದಲ್ಲಿ ಜಾರ್ಖಂಡ್ ಒಂದರಿಂದಲೇ ಆರು ಮಂದಿ ಇದ್ದರು. ನಾಯಕಿ ಅಷ್ಟಂ ಒರಾಂವ್ ಅವರ ಗೌರವಾರ್ಥವಾಗಿ ಗುಮ್ಲಾ ಜಿಲ್ಲೆಯ ಅವರ ಊರಿಗೆ ಸರ್ಕಾರ ರಸ್ತೆ ಮಾಡಿಸಲು ಹೊರಟಾಗ, ಅದೇ ರಸ್ತೆಯ ಕೆಲಸದಲ್ಲಿ ಅವರ ತಂದೆತಾಯಿ ದಿನಗೂಲಿಗಳಾಗಿ ದುಡಿಯುತ್ತಿದ್ದರು. ಸರ್ಕಾರಗಳು ಸನ್ಮಾನ ಮಾಡುವ ರೀತಿ ಇದು.

ಭಾರತದ ಗುಂಪಿನಲ್ಲೇ ಇದ್ದ ಮೊರಾಕೊ ಕೂಡ ಆ ವಿಶ್ವಕಪ್ಪಿಗೆ ಮೊದಲ ಬಾರಿಗೆ ಬಂದಿತ್ತು. ಅದಕ್ಕೂ ಭಾರತಕ್ಕೂ ಇದ್ದ ಅಂತರವು ರಕ್ತದ್ದಲ್ಲ, ಎಲುಬಿನದ್ದಲ್ಲ. ಆ ದೇಶವು 2020ರಲ್ಲೇ ಮಹಿಳೆಯರಿಗೆ ಎರಡು ಶ್ರೇಣಿಗಳ ವೃತ್ತಿಪರ ಲೀಗ್ ಆರಂಭಿಸಿ, ಆ ಕ್ಲಬ್ಬುಗಳ ಬೆನ್ನಿಗೆ ನಿಂತಿತ್ತು. ಈ ವಾದವನ್ನು ಭಾರತದ ಉದಾಹರಣೆಯಿಂದಲೇ ಸಾಧಿಸಬಹುದು. 2025ರ ಆಗಸ್ಟ್‌ನಲ್ಲಿ 20 ವರ್ಷದೊಳಗಿನ ಮಹಿಳೆಯರ ತಂಡವು ಯಾಂಗೊನ್‌ನಲ್ಲಿ ಮ್ಯಾನ್ಮಾರನ್ನು 1–0ಯಿಂದ ಸೋಲಿಸಿ ಎರಡು ದಶಕಗಳ ಬಳಿಕ ಏಷ್ಯಾ ಕಪ್ಪಿಗೆ ಅರ್ಹತೆ ಗಳಿಸಿತು. ಅಕ್ಟೋಬರ್‌ನಲ್ಲಿ 17 ವರ್ಷದೊಳಗಿನವರ ತಂಡವು ಬಿಷ್ಕೆಕ್‌ನಲ್ಲಿ ಕಿರ್ಗಿಸ್ತಾನವನ್ನೂ, ಬಳಿಕ ಹಿನ್ನಡೆಯಿಂದ ಚೇತರಿಸಿಕೊಂಡು ಉಜ್ಬೇಕಿಸ್ತಾನವನ್ನೂ 2–1ರಿಂದ ಮಣಿಸಿ, ಚೀನಾದಲ್ಲಿ ನಡೆಯುವ 2026ರ ಏಷ್ಯಾ ಕಪ್ಪಿಗೆ ಅರ್ಹತಾ ಸುತ್ತಿನ ಮೂಲಕವೇ ಪ್ರವೇಶ ಪಡೆಯಿತು. ಯಾರ ಆತಿಥ್ಯದ ಹಂಗೂ ಇಲ್ಲದೆ ಬಂದ ಈ ಎರಡು ಅರ್ಹತೆಗಳ ಮುಂದೆ 2022ರ ಅಬ್ಬರವೆಲ್ಲ ಸಪ್ಪೆ.

ಕರ್ನಾಟಕವು ಇದನ್ನು ದೆಹಲಿಯ ವ್ಯವಹಾರವೆಂದು ಕೈತೊಳೆದುಕೊಳ್ಳುವಂತಿಲ್ಲ. 2022ರ ಸೆಪ್ಟೆಂಬರ್‌ನ ಚುನಾವಣೆಯಲ್ಲಿ ಫೆಡರೇಷನ್ನಿನ ಉಪಾಧ್ಯಕ್ಷರಾಗಿ ಗೆದ್ದವರು ರಾಜ್ಯ ಫುಟ್‌ಬಾಲ್ ಸಂಸ್ಥೆಯ ಅಧ್ಯಕ್ಷರೂ ಶಾಸಕರೂ ಆದ ಎನ್.ಎ. ಹ್ಯಾರಿಸ್. 2023ರ ಮೇ ತಿಂಗಳಲ್ಲಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತಲುಪಿದ ಕಿಕ್‌ಸ್ಟಾರ್ಟ್ ತಂಡ ಬೆಂಗಳೂರಿನದು. ರಾಜ್ಯ ಮಹಿಳಾ ಲೀಗ್‌ನ ಪಂದ್ಯಗಳೂ ಬೆಂಗಳೂರನ್ನೇ ಸುತ್ತುತ್ತವೆ. ಬೆಳಗಾವಿ ಜಿಲ್ಲೆಯ ಕಾಗವಾಡ ತಾಲ್ಲೂಕಿನ ಶಿರಗುಪ್ಪಿಯಿಂದ ನೋಡಿದರೆ ಆ ಬೆಂಗಳೂರು ಸುಮಾರು ಆರುನೂರು ಕಿಲೋಮೀಟರು ದೂರ, ಫುಟ್‌ಬಾಲ್ ಹುಚ್ಚಿನ ಕೊಲ್ಹಾಪುರವಾದರೋ ಗಡಿಯಾಚೆಗೆ ಕೂಗಳತೆಯಲ್ಲಿದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳು ಸೇರಿರುವ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ಶಾಲಾ ಕ್ರೀಡಾಕೂಟದಲ್ಲಿ ಹುಡುಗಿಯರ ಪಾಲಿಗೆ ಆಟವೆಂದರೆ ಮುಖ್ಯವಾಗಿ ಕೊಕ್ಕೊ, ಕಬಡ್ಡಿ, ವಾಲಿಬಾಲ್ ಮತ್ತು ಥ್ರೋಬಾಲ್. ಈ ಕೂಟಗಳು ನಡೆಯುವುದು ನಾಕೌಟ್ ಪದ್ಧತಿಯಲ್ಲಿ, ಅಂದರೆ ಒಮ್ಮೆ ಸೋತ ತಂಡ ಅಲ್ಲಿಗೇ ಹೊರಗೆ. ಬೆಳಿಗ್ಗೆ ಟೆಂಪೊದಲ್ಲಿ ಬಂದಿಳಿದ ತಂಡವೊಂದು ಮೊದಲ ಆಟದಲ್ಲೇ ಸೋತರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಅದರ ಇಡೀ ವರ್ಷದ ಕ್ರೀಡೆ ಮುಗಿದಿರುತ್ತದೆ; ಸೋತವರಿಗೇ ಹೆಚ್ಚು ಆಟ ಬೇಕೆಂಬ ಸರಳ ಸಂಗತಿಗೆ ಈ ಪದ್ಧತಿಯಲ್ಲಿ ಜಾಗವಿಲ್ಲ. ಲೀಗ್ ಎಂದರೆ ಇದಕ್ಕೆ ವಿರುದ್ಧ: ಪ್ರತಿ ತಂಡವೂ ಉಳಿದೆಲ್ಲ ತಂಡಗಳೊಂದಿಗೆ ವಾರವಾರವೂ ಆಡುತ್ತದೆ, ಸೋತರೂ ಮುಂದಿನ ವಾರ ಮತ್ತೆ ಕಣಕ್ಕಿಳಿಯುತ್ತದೆ.

ಈ ಮಣ್ಣಿನ ಆಟ ಕುಸ್ತಿ ಮತ್ತು ಕಬಡ್ಡಿ, ಫುಟ್‌ಬಾಲ್ ಏಕೆ ಎಂಬ ಆಕ್ಷೇಪ ಹೊಸದಲ್ಲ. ಕೊಲ್ಹಾಪುರದ ಹೆಸರಾಂತ ಫುಟ್‌ಬಾಲ್ ತಂಡಗಳಲ್ಲಿ ಹಲವು ಇಂದಿಗೂ ‘ತಾಲೀಮ ಮಂಡಳ’ ಎಂಬ ಹೆಸರನ್ನೇ ಹೊತ್ತಿವೆ. ತಾಲೀಮು ಎಂದರೆ ಗರಡಿಮನೆ. ಗರಡಿಯ ಊರು ಚೆಂಡನ್ನು ಒಪ್ಪಿಕೊಂಡಿತು, ಆದರೆ ಆ ಸಂಭ್ರಮ ಮುಖ್ಯವಾಗಿ ಗಂಡುಹುಡುಗರದಾಗಿ ಉಳಿಯಿತು. ಹಾಗಾಗಿ ತಕರಾರಿರುವುದು ಆಟದ ಮೇಲಲ್ಲ, ಸಂಜೆ ಐದರ ಮೇಲೆ ಬಯಲಿನಲ್ಲಿ ಯಾರು ಇರಬಹುದು ಎಂಬುದರ ಮೇಲೆ. ಬಾಲ್ಯವಿವಾಹದ ಭಯ ಇನ್ನೂ ಪೂರ್ತಿ ಹೋಗಿರದ ಈ ಸೀಮೆಯಲ್ಲಿ ಹದಿನಾಲ್ಕರ ಹುಡುಗಿಗೆ ವಾರಕ್ಕೊಂದು ಪಂದ್ಯವಿರುವುದು ಬರಿಯ ಕ್ರೀಡೆಯ ಸಂಗತಿಯಾಗಿ ಉಳಿಯುವುದಿಲ್ಲ.

ಇಲ್ಲಿ ಬಾಲಕಿಯರ ಲೀಗ್ ನಡೆಸಲು ಬೇಕಾದದ್ದು ದೊಡ್ಡ ಮೊತ್ತವೇನಲ್ಲ. ಏಳು ಮಂದಿಯ ಫುಟ್‌ಬಾಲ್ ಆಡಲು ಪ್ರೌಢಶಾಲೆಯ ಬಯಲು, ಸುಣ್ಣದ ಗೆರೆ, ಬಿದಿರಿನ ಗೋಲ್‌ಕಂಬ, ನಾಲ್ಕಾರು ಚೆಂಡು ಸಾಕು. ಬಾಲಕಿಯರ ಜೊತೆ ಓಡಾಡಲು ತರಬೇತಿ ಪಡೆದ ಶಿಕ್ಷಕಿಯೊಬ್ಬರು ಮತ್ತು ದೂರು ಕೇಳುವ ಹೊಣೆ ಹೊತ್ತ ಒಬ್ಬ ಅಧಿಕಾರಿ ಮಾತ್ರ ಇರಲೇಬೇಕು, 2022ರ ಪ್ರವಾಸದ ನಂತರ ಇದರಲ್ಲಿ ರಿಯಾಯಿತಿ ಸಲ್ಲದು. ಉಗಾರದಿಂದ ನಿಪ್ಪಾಣಿಯವರೆಗೆ ಹಬ್ಬಿರುವ ಸಕ್ಕರೆ ಕಾರ್ಖಾನೆಗಳು ಕಬ್ಬು ನುರಿಸುವ ಹಂಗಾಮು ಶುರುವಾಗುವ ಮೊದಲಿನ ತಿಂಗಳುಗಳಲ್ಲಿ ತಂಡಗಳ ಓಡಾಟದ ಖರ್ಚನ್ನು ಹೊರಬಲ್ಲವು. ರಾಜ್ಯ ಫುಟ್‌ಬಾಲ್ ಸಂಸ್ಥೆ ಮತ್ತು ಶಾಲಾ ಶಿಕ್ಷಣ ಇಲಾಖೆಗಳು ಬರುವ ಶೈಕ್ಷಣಿಕ ವರ್ಷದ ಜೂನ್‌ನಲ್ಲೇ ಈ ಐದು ತಾಲ್ಲೂಕುಗಳಲ್ಲಿ 14 ವರ್ಷದೊಳಗಿನ ಬಾಲಕಿಯರ ಲೀಗ್ ಆರಂಭಿಸಬೇಕು, ಅದರ ಪಂದ್ಯಗಳ ವೇಳಾಪಟ್ಟಿಯನ್ನು ಶಾಲೆ ತೆರೆಯುವ ಮೊದಲೇ ಪ್ರಕಟಿಸಬೇಕು.