ಗಡಿಯರಿಯದ ಮೀನು, ಪಾಲು ಬಿಡದ ದೇಶಗಳು

ಕರಾವಳಿಯ ನಮ್ಮ ಕುಟುಂಬಗಳು ಬ್ರಿಟನ್ನಿನಲ್ಲಿ ಬಂಗುಡೆಯ ಆಸೆಯನ್ನು ತಣಿಸಿಕೊಳ್ಳುವುದು ಅದರ ದಾಯಾದಿಯಾದ ಅಟ್ಲಾಂಟಿಕ್ ಮ್ಯಾಕೆರೆಲ್ ಮೀನಿನಿಂದ. ಮಸಾಲೆ ಅದೇ, ಹುಳಿಯೂ ಅದೇ. ಕಡಲು ಮಾತ್ರ ಬೇರೆ. ಆ ಕಡಲಿನ ಪಾಲಿನ ಜಗಳವನ್ನು ಈ ನಾಡಿನ ನಿವಾಸಿಗಳಾದ ನಾವೂ ಅರಿತಿರಬೇಕು.

ಈ ಮೀನು ಬಿಸ್ಕೇ ಕೊಲ್ಲಿಯಲ್ಲಿಯೂ ಐರ್ಲೆಂಡ್, ಸ್ಕಾಟ್ಲೆಂಡ್‌ಗಳ ಪಶ್ಚಿಮದ ನೀರಿನಲ್ಲಿಯೂ ಮೊಟ್ಟೆಯಿಟ್ಟು, ಬೇಸಿಗೆಯಲ್ಲಿ ಆಹಾರವನ್ನರಸುತ್ತ ನಾರ್ವೇಜಿಯನ್ ಸಮುದ್ರದತ್ತ ಸಾಗುತ್ತದೆ. 2007ರ ಸುಮಾರಿಗೆ ಅದು ಭಾರೀ ಪ್ರಮಾಣದಲ್ಲಿ ಐಸ್‌ಲ್ಯಾಂಡಿನ ಜಲಸೀಮೆಯನ್ನೂ ಹೊಕ್ಕಿತು. ತಮ್ಮ ಅಂಗಳದಲ್ಲಿ ಮೇಯುವ ಮೀನಿನಲ್ಲಿ ತಮಗೂ ಪಾಲುಂಟೆಂದು ಆ ದೇಶದವರು ವಾದಿಸಿದರು. 2010ರಲ್ಲಿ ಐಸ್‌ಲ್ಯಾಂಡ್ 1,30,000 ಟನ್ನನ್ನೂ ಫೇರೋ ದ್ವೀಪಗಳು 85,000 ಟನ್ನನ್ನೂ ತಾವೇ ಗೊತ್ತುಪಡಿಸಿಕೊಂಡವು. ಪೀಟರ್‌ಹೆಡ್ ಬಂದರಿನಲ್ಲಿ ಸ್ಕಾಟಿಷ್ ಮೀನುಗಾರರು ಫೇರೋ ದೋಣಿಯೊಂದನ್ನು ಮೀನಿಳಿಸಗೊಡದೆ ತಡೆದರು. 2014ರಲ್ಲಿ ಐರೋಪ್ಯ ಒಕ್ಕೂಟ, ನಾರ್ವೆ ಮತ್ತು ಫೇರೋಗಳ ನಡುವೆ ಒಪ್ಪಂದವಾಯಿತು, ಐಸ್‌ಲ್ಯಾಂಡ್ ಹೊರಗುಳಿಯಿತು. 2020ರ ಕೊನೆಗೆ ಅದರ ಅವಧಿಯೂ ಮುಗಿಯಿತು. ಬ್ರೆಕ್ಸಿಟ್‌ನ ಬಳಿಕ ಬ್ರಿಟನ್ ಪ್ರತ್ಯೇಕ ಪಾಲುದಾರನಾಯಿತು.

ಬಿಡಿಯಾಗಿ ಆಲಿಸಿದರೆ ಪ್ರತಿಯೊಬ್ಬರ ವಾದವೂ ನ್ಯಾಯವೆನಿಸುತ್ತದೆ. ಕೂಡಿಸಿದರೆ ಕಡಲಿನಲ್ಲಿರುವ ಮೀನು ಸಾಲದು. ಒಟ್ಟು ಹಿಡಿತವು ವಿಜ್ಞಾನಿಗಳ ಸಲಹೆಯನ್ನು ಮತ್ತೆ ಮತ್ತೆ ಮೀರಿದ ಫಲವಾಗಿ, 2026ರ ಹಿಡಿತವನ್ನು ಹಿಂದಿನ ಸಲಹೆಗಿಂತ ಶೇಕಡ 70ರಷ್ಟು ತಗ್ಗಿಸಬೇಕೆಂದು ಸಮುದ್ರ ಅನ್ವೇಷಣೆಯ ಅಂತರರಾಷ್ಟ್ರೀಯ ಮಂಡಳಿಯು ತಿಳಿಸಬೇಕಾಯಿತು. ವಲಸೆ ಮೀನುಗಳ ಕುರಿತ ವಿಶ್ವಸಂಸ್ಥೆಯ 1995ರ ಒಪ್ಪಂದವು ಸಹಕರಿಸಿರೆನ್ನುತ್ತದೆ. ಯಾರಿಗೆ ಎಷ್ಟೆಂದು ಹೇಳುವುದಿಲ್ಲ.

ಆದುದರಿಂದ ಕ್ರಮವನ್ನು ತಿರುವುಮುರುವು ಮಾಡಬೇಕೆಂಬುದು ನನ್ನ ಅಭಿಪ್ರಾಯ. ಮೊದಲು ಒಟ್ಟು ಮಿತಿ, ಅನಂತರ ಪಾಲು. ಪಾಲಿನಲ್ಲಿ ಒಮ್ಮತ ಮೂಡದ ವರ್ಷ, ಮಿತಿಯೊಳಗೆ ನಿಲ್ಲುವಂತೆ ಎಲ್ಲರ ಹಿಡಿತವೂ ಸಮಪ್ರಮಾಣದಲ್ಲಿ ತಾನಾಗಿಯೇ ಕುಗ್ಗುವ ನಿಯಮವಿರಲಿ. ಆಗ ಹಟ ಹಿಡಿದವರಿಗೆ ಲಾಭವಿರದು. ಮೀನು ದಾರಿ ಬದಲಿಸಿದಂತೆ ಪಾಲನ್ನು ಮರುಪರಿಶೀಲಿಸುವ ಅವಕಾಶವೂ ಇರಲಿ. ಇಲ್ಲವಾದರೆ ಹೊಸಬರು ಒಪ್ಪಂದದೊಳಗೆ ಬರಲಾರರು.

ಇದು ಕೇವಲ ಕನಸಲ್ಲ. ಶೀತಲ ಸಮರದ ನಡುವೆಯೂ ನಾರ್ವೆ ಮತ್ತು ಸೋವಿಯತ್ ಒಕ್ಕೂಟಗಳು 1976ರಿಂದ ಜಂಟಿ ಆಯೋಗದಲ್ಲಿ ಕುಳಿತು ಬ್ಯಾರೆಂಟ್ಸ್ ಸಮುದ್ರದ ಕಾಡ್ ಮೀನನ್ನು ಹಂಚಿಕೊಂಡವು. ನಮ್ಮ ಅರಬ್ಬೀ ಕಡಲಿನಲ್ಲಿ ಕೇರಳ, ಕರ್ನಾಟಕ, ಗೋವೆಗಳೆಂಬ ಗೆರೆಗಳನ್ನು ಬಂಗುಡೆ ಅರಿಯದು. ಮಳೆಗಾಲದ 61 ದಿನಗಳ ನಿಷೇಧವೂ ಒಂದು ರಾಜ್ಯದ್ದಲ್ಲ, ಇಡೀ ಪಶ್ಚಿಮ ಕರಾವಳಿಯದ್ದು.

ಇಲ್ಲಿ ಮತ ಹಾಕುವವರೂ ಮೀನು ಕೊಳ್ಳುವವರೂ ನಾವಾಗಿದ್ದೇವೆ. ಒಟ್ಟು ಮಿತಿಯ ಬಗ್ಗೆ ನಮ್ಮ ಸಂಸದರಿಗೆ ಒಂದು ಪತ್ರ ಬರೆಯೋಣ; ಅಂಗಡಿಯಲ್ಲಿ ಮೀನು ಎಲ್ಲಿಯದೆಂದು ಕೇಳೋಣ. ಶೆಟ್ಲೆಂಡ್, ಪೀಟರ್‌ಹೆಡ್‌ಗಳ ಮೀನುಗಾರ ಮನೆಗಳ ನಾಳಿನ ಅನ್ನವೂ ಈ ಪ್ರಶ್ನೆಯಲ್ಲಿ ಅಡಗಿದೆ.