ಮಗ್ಗದ ಮನೆಯ ಮಕ್ಕಳಿಗೆ ವಿಜ್ಞಾನ ದೂರವೇ?



10ನೇ ತರಗತಿಯ ಫಲಿತಾಂಶ ಬಂದಾಗಲೆಲ್ಲ ನಮ್ಮ ಮನೆಗಳಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: "ಸೈನ್ಸ್ ಕಷ್ಟ, ಅದು ನಮ್ಮಂಥವರಿಗಲ್ಲ." ಹೀಗೆ ಹೇಳುವವರು ಯಾರೆಂದು ಸ್ವಲ್ಪ ಯೋಚಿಸೋಣ. ಇಚಲಕರಂಜಿಯಲ್ಲಿ ಹಗಲಿರುಳು ಪವರ್‌ಲೂಮ್ ನಡೆಸುವವರು. ಕೊಲ್ಹಾಪುರದ ಫೌಂಡ್ರಿಗಳಲ್ಲಿ ಕಬ್ಬಿಣ ಕರಗಿಸಿ ಎರಕ ಹೊಯ್ಯುವವರು. ಗಡಹಿಂಗ್ಲಜ ಸೀಮೆಯಲ್ಲಿ ಕಬ್ಬು ಬೆಳೆದು ಬೆಲ್ಲ ಕಾಯಿಸುವವರು. ದಿನವೂ ಯಂತ್ರ, ಬೆಂಕಿ, ನೀರಿನ ಜೊತೆ ಬದುಕುವ ಮನೆಯ ಮಕ್ಕಳೇ ವಿಜ್ಞಾನ ತಮ್ಮದಲ್ಲ ಎಂದುಕೊಂಡು ದೂರ ಸರಿಯುತ್ತಿದ್ದಾರೆ. ಇದಕ್ಕೆ ಕಾರಣ ಮಕ್ಕಳ ಬುದ್ಧಿಯಲ್ಲ ಎಂಬುದು ನಮ್ಮ ದೃಢ ಅಭಿಪ್ರಾಯ. ವಿಜ್ಞಾನ ಅವರ ಕಿವಿಗೆ ಬಿದ್ದಿದೆ, ಕೈಗೆ ಸಿಕ್ಕಿಲ್ಲ.

ಶಾಲೆಗಳಲ್ಲಿ ವಿಜ್ಞಾನ ಪ್ರದರ್ಶನ ನಡೆಯುವುದಿಲ್ಲವೇ ಎಂದು ನೀವು ಕೇಳಬಹುದು. ನಡೆಯುತ್ತದೆ. ಆದರೆ ಅಲ್ಲಿ ಏನಾಗುತ್ತದೆ? ಥರ್ಮೋಕೋಲ್ ಜ್ವಾಲಾಮುಖಿಯನ್ನು ಅಂಗಡಿಯಿಂದ ತರುತ್ತಾರೆ, ಅಥವಾ ಅಪ್ಪ ಮಾಡಿಕೊಡುತ್ತಾರೆ. ಚೆನ್ನಾಗಿ ಮಾತನಾಡುವ ಇಬ್ಬರು ಮಕ್ಕಳು ಪಾಠ ಒಪ್ಪಿಸುತ್ತಾರೆ. ಉಳಿದವರು ಸಾಲಿನಲ್ಲಿ ನಿಂತು ನೋಡಿ ಮನೆಗೆ ಹೋಗುತ್ತಾರೆ. "ಮುಟ್ಟಬೇಡಿ" ಎಂಬ ಚೀಟಿ ಇರುವ ಮೇಜಿನಿಂದ ಮಗು ಕಲಿಯುವುದು ಒಂದೇ: ಇದು ನನ್ನದಲ್ಲ.

ಹಾಗಾದರೆ ಏನು ಮಾಡಬೇಕು? ನಮ್ಮ ಊರುಗಳಿಂದಲೇ ಆರಂಭಿಸೋಣ.

ಮೊದಲು ಇಚಲಕರಂಜಿ. ಹೊಸ ಮಾದರಿಯ ಮಗ್ಗಗಳಲ್ಲಿ ಹಾಸಿನ ಪ್ರತಿಯೊಂದು ಎಳೆಯೂ ಒಂದು ತೆಳುವಾದ ಲೋಹದ ಪಟ್ಟಿಯನ್ನು ಎತ್ತಿ ಹಿಡಿದಿರುತ್ತದೆ. ಎಳೆ ಹರಿದರೆ ಪಟ್ಟಿ ಕೆಳಗೆ ಬೀಳುತ್ತದೆ, ವಿದ್ಯುತ್ ಮಂಡಲ ಪೂರ್ಣಗೊಳ್ಳುತ್ತದೆ, ಮಗ್ಗ ತಾನಾಗಿ ನಿಲ್ಲುತ್ತದೆ. ಒಂದು ದಾರ, ಒಂದು ಹೇರ್‌ಪಿನ್, ಟಾರ್ಚಿನ ಸೆಲ್ಲು, ಚಿಕ್ಕ ಬಲ್ಬು, ಎರಡು ತುಂಡು ತಂತಿ ಇದ್ದರೆ 7ನೇ ತರಗತಿಯ ಮಗು ಇದನ್ನು ತಾನೇ ಮಾಡಬಲ್ಲದು. ದಾರ ಕತ್ತರಿಸಿದಾಗ ಪಿನ್ನು ಬಿದ್ದು ಬಲ್ಬು ಹೊತ್ತಿಕೊಂಡರೆ, ಸೆನ್ಸರ್ ಎಂದರೇನು ಎಂದು ಬೇರೆ ಪಾಠ ಬೇಕಿಲ್ಲ.

ಮುಂದಿನ ಹೆಜ್ಜೆಯೂ ಮಗ್ಗದಲ್ಲೇ ಇದೆ. ಬಣ್ಣದ ಕಾಗದದ ಪಟ್ಟಿಗಳನ್ನು ನೇಯಿಸಿ, ಎಳೆ ಮೇಲಿದ್ದರೆ 1, ಕೆಳಗಿದ್ದರೆ 0 ಎಂದು ಬರೆಸಿ ನೋಡಿ. ಫ್ರಾನ್ಸಿನ ಜಕಾರ್ಡ್ 1804ರಲ್ಲಿ ರಂಧ್ರ ಕೊರೆದ ಕಾರ್ಡುಗಳಿಂದ ಮಗ್ಗಕ್ಕೆ ವಿನ್ಯಾಸ ಕಲಿಸಿದ್ದು ಇದೇ ತತ್ವದ ಮೇಲೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತಾನು ರೂಪಿಸಿದ ಗಣಕಯಂತ್ರಕ್ಕೆ ಅದೇ ಕಾರ್ಡುಗಳನ್ನು ಆರಿಸಿಕೊಂಡ. ತಾಯಿ ಕಂಡಿಕೆ ಸುತ್ತುವುದನ್ನು ನೋಡುತ್ತ ಬೆಳೆದ ಹುಡುಗಿಗೆ, ಕಂಪ್ಯೂಟರಿನ ವಂಶಾವಳಿಯಲ್ಲಿ ಮಗ್ಗವೂ ಇದೆ ಎಂದು ತಿಳಿಯುವುದು ಸಣ್ಣ ವಿಷಯವಲ್ಲ.

ಕೊಲ್ಹಾಪುರಕ್ಕೆ ಬರೋಣ. ಎರಕದ ಅಚ್ಚಿಗೆ ಬಳಸುವ ಮಾದರಿಯನ್ನು ಬೇಕಾದ ಅಳತೆಗಿಂತ ತುಸು ದೊಡ್ಡದಾಗಿ ಮಾಡುತ್ತಾರೆ. ಏಕೆ? ಎರಕದ ಕಬ್ಬಿಣ ತಣ್ಣಗಾಗುವಾಗ ಸುಮಾರು ಶೇಕಡ 1ರಷ್ಟು ಕುಗ್ಗುತ್ತದೆ. ದೊಡ್ಡವರು ಮೇಣ ಕರಗಿಸಿ ಒಂದು ಬಟ್ಟಲಿಗೆ ಹೊಯ್ದುಕೊಡಲಿ. ಗಟ್ಟಿಯಾದ ಮೇಲೆ ನಡುವೆ ಬಿದ್ದ ತಗ್ಗನ್ನು ಮಕ್ಕಳು ಸ್ಕೇಲಿನಿಂದ ಅಳೆಯಲಿ. ಉದ್ಯಮನಗರದ ಮಿಸ್ತ್ರಿ ಅನುಭವದಿಂದ ಬಲ್ಲ ಸಂಗತಿ ಮಗುವಿನ ನೋಟ್‌ಬುಕ್ಕಿನಲ್ಲಿ ಅಂಕಿಯಾಗಿ ಬರುತ್ತದೆ.

ಗಡಹಿಂಗ್ಲಜದಲ್ಲಿ ಹಿರಣ್ಯಕೇಶಿ ಹರಿಯುತ್ತದೆ. ಮಳೆಗಾಲ ಮುಗಿದ ಮೇಲೆ ಹಲಗೆ ಇಳಿಸಿ ನೀರು ನಿಲ್ಲಿಸುವ ಬಂಧಾರಗಳಿಗೆ ಇಂದಿಗೂ "ಕೊಲ್ಹಾಪುರ ಮಾದರಿ" ಎಂದೇ ಹೆಸರು. ಪ್ಲಾಸ್ಟಿಕ್ ಬಾಟಲಿಗೆ ಮೇಲಿಂದ ಕೆಳಗೆ ಮೂರು ತೂತು ಮಾಡಿ, ನೀರು ತುಂಬುವ ಮೊದಲೇ ಕೇಳಿ: ಯಾವ ತೂತಿನಿಂದ ನೀರು ಹೆಚ್ಚು ರಭಸದಿಂದ ಹಾರುತ್ತದೆ? ಊಹೆ ಬರೆದ ಮೇಲೆ ಮಾಡಿ ನೋಡಲಿ. ಬಂಧಾರದ ಕೆಳಗಿನ ಹಲಗೆಯ ಮೇಲೆ ಒತ್ತಡ ಏಕೆ ಹೆಚ್ಚು ಎಂಬುದನ್ನು ಮತ್ತೆ ಬಾಯಿಪಾಠ ಮಾಡಬೇಕಾಗುವುದಿಲ್ಲ. ಬೆಲ್ಲದ ಕೊಪ್ಪರಿಗೆಗೆ ಬೆಂಡೆ ಗಿಡದ ಲೋಳೆ ಹಾಕುವುದು ಏಕೆ? ಆ ಲೋಳೆ ರಸದಲ್ಲಿರುವ ಕಸವನ್ನು ಹಿಡಿದು ನೊರೆಯ ಜೊತೆ ಮೇಲಕ್ಕೆ ತರುತ್ತದೆ. ಇದು ರಸಾಯನಶಾಸ್ತ್ರವೇ.

ಇನ್ನು ಭಾಷೆಯ ಮಾತು. ಗಡಿಭಾಗದ ನಮ್ಮ ಅನೇಕ ಮಕ್ಕಳಿಗೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, 11ನೇ ತರಗತಿಯ ವಿಜ್ಞಾನಕ್ಕೆ ಇಂಗ್ಲಿಷ್. ಮೂರನೆಯ ಭಾಷೆಯ ಹೆದರಿಕೆಯನ್ನೇ ಮಕ್ಕಳು ವಿಜ್ಞಾನದ ಹೆದರಿಕೆ ಎಂದು ತಿಳಿಯುತ್ತಾರೆ. ಕೈಯಿಂದ ಮಾಡುವ ಪ್ರಯೋಗದ ದೊಡ್ಡ ಲಾಭ ಇಲ್ಲೇ ಇದೆ. ಮೊದಲು ಘಟನೆ ಕಣ್ಣಿಗೆ ಬೀಳುತ್ತದೆ, ಆಮೇಲೆ ಅದಕ್ಕೆ ಹೆಸರು ಬರುತ್ತದೆ. "ಪ್ರೆಶರ್" ಎಂಬ ಪದ ಬರುವ ಹೊತ್ತಿಗೆ ಮಗುವಿನ ಬೆರಳು ಆ ಒತ್ತಡವನ್ನು ಅನುಭವಿಸಿರುತ್ತದೆ. ಕನ್ನಡದಲ್ಲೋ ಮರಾಠಿಯಲ್ಲೋ ಮಗು ಕೇಳುವ ಪ್ರಶ್ನೆಗೆ ಅದೇ ಭಾಷೆಯಲ್ಲಿ ಉತ್ತರಿಸಬಲ್ಲ ಯುವಕ ಯುವತಿಯರು ನಮ್ಮಲ್ಲೇ ಇದ್ದಾರೆ.

ಇದು ಬರೀ ಕನಸಲ್ಲ, ಮಾಡಿ ತೋರಿಸಿದವರಿದ್ದಾರೆ. 1999ರಲ್ಲಿ ಆರಂಭವಾದ ಅಗಸ್ತ್ಯ ಪ್ರತಿಷ್ಠಾನ ಪ್ರಯೋಗದ ಸಾಮಗ್ರಿಯನ್ನು ವ್ಯಾನಿನಲ್ಲಿ, ಬೈಕಿನಲ್ಲಿ ತುಂಬಿಕೊಂಡು ಹಳ್ಳಿಯ ಸರ್ಕಾರಿ ಶಾಲೆಗಳಿಗೆ ಹೋಗುತ್ತದೆ. 1938ರಲ್ಲಿ ಕೊಲ್ಹಾಪುರದಲ್ಲೇ ಹುಟ್ಟಿದ ಖಗೋಳ ವಿಜ್ಞಾನಿ ಜಯಂತ ನಾರಳೀಕರ್, ಹಸ್ತಾಕ್ಷರ ಕೇಳಿದ ಮಕ್ಕಳಿಗೆ ಅಂಚೆ ಕಾರ್ಡಿನಲ್ಲಿ ಒಂದು ಪ್ರಶ್ನೆ ಬರೆದು ಕಳಿಸಿ ಎನ್ನುತ್ತಿದ್ದರು. ಸಹಿ ಇರುತ್ತಿದ್ದದ್ದು ಅವರ ಉತ್ತರದ ಕೆಳಗೆ. ನಮ್ಮ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭಿಸಿ ಕಬ್ಬಿಣದ ನೇಗಿಲಿಗೆ ಬಂದು, 1910ರಲ್ಲಿ ಕಿರ್ಲೋಸ್ಕರವಾಡಿಯನ್ನೇ ಕಟ್ಟಿದರು.

"ಸಿಇಟಿ, ಜೆಇಇ ಕಾಲದಲ್ಲಿ ಬಾಟಲಿ ತೂತು ಮಾಡುತ್ತ ಕೂತರೆ ಅಂಕ ಯಾರು ಕೊಡುತ್ತಾರೆ?" ಎಂದು ಹಿರಿಯರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ, ಮಕ್ಕಳಿಗೆ ಅಂಕ ಬೇಕು. ಆದರೆ ಕೋಚಿಂಗ್ ತರಗತಿಗೆ ಹೋಗುವ ಮೊದಲು ಮಗು ವಿಜ್ಞಾನವನ್ನು ಆಯ್ದುಕೊಂಡಿರಬೇಕಲ್ಲ! ನಾವು ಹೇಳುತ್ತಿರುವುದು ಆ ಆಯ್ಕೆಗೂ ಮುಂಚಿನ, 6ರಿಂದ 9ನೇ ತರಗತಿಯವರೆಗಿನ ವರ್ಷಗಳ ಮಾತು. ಎಲ್ಲರೂ ಎಂಜಿನಿಯರ್ ಆಗಲಿ ಎಂದೂ ನಾವು ಹೇಳುತ್ತಿಲ್ಲ. ಐಟಿಐ, ಡಿಪ್ಲೊಮಾ, ಬಿಎಸ್ಸಿ ಎಲ್ಲವೂ ಗೌರವದ ದಾರಿಗಳೇ. ಕಲೆ ಅಥವಾ ವಾಣಿಜ್ಯ ಓದುವವರು ಇಷ್ಟಪಟ್ಟು ಓದಲಿ. ಹೆದರಿ ವಿಜ್ಞಾನ ಬಿಡಬಾರದು ಎಂಬುದಷ್ಟೇ ನಮ್ಮ ಮಾತು.

ಶಾಹು ಮಹಾರಾಜರು 1917ರಲ್ಲಿ ಕೊಲ್ಹಾಪುರ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತವೂ ಕಡ್ಡಾಯವೂ ಆಗಿಸಿದರು. ಬಡವರ ಮಕ್ಕಳಿಗೆ ಶಾಲೆಯ ಬಾಗಿಲು ತೆರೆಯಿತು. ಇಂದು ಕೊಲ್ಹಾಪುರದಲ್ಲಿ ವಿಶ್ವವಿದ್ಯಾಲಯವಿದೆ, ಇಚಲಕರಂಜಿಯಲ್ಲಿ ಜವಳಿ ತಂತ್ರಜ್ಞಾನ ಕಲಿಸುವ ಕಾಲೇಜಿದೆ. ಇಷ್ಟಿದ್ದೂ ಪ್ರಯೋಗಾಲಯದ ಹೊಸ್ತಿಲಲ್ಲಿ ಮಗು ಹಿಂಜರಿದರೆ ಕೈ ಹಿಡಿದು ಒಳಗೆ ಕರೆದೊಯ್ಯುವ ಕೆಲಸ ನಮ್ಮಂಥ ಯುವಜನರದು.

ಆದ್ದರಿಂದ ನಮ್ಮ ವಿನಂತಿ ಇಷ್ಟು. ವಿಜ್ಞಾನ, ಡಿಪ್ಲೊಮಾ, ಐಟಿಐ ಓದಿದ ಯುವಮಿತ್ರರು ತಿಂಗಳಿಗೆ ಒಂದು ಭಾನುವಾರ, ಪೂಜೆಯ ನಂತರ ಎರಡು ಗಂಟೆ ಕೊಡಿ. ಒಂದೇ ಸಲ ಬಂದು ಫೋಟೋ ತೆಗೆದುಕೊಂಡು ಹೋಗುವುದು ಬೇಡ. ಅದೇ ಮಕ್ಕಳ ಬಳಿಗೆ ಮತ್ತೆ ಮತ್ತೆ ಬನ್ನಿ. ಒಂದು ಮೇಜಿಗೆ ಆರು ಮಕ್ಕಳಿಗಿಂತ ಹೆಚ್ಚು ಬೇಡ, ಪ್ರತಿ ಮಗುವಿನ ಕೈಯಲ್ಲೂ ಸಾಮಗ್ರಿ ಇರಲಿ. ಸೆಲ್ಲು ಮಾತ್ರ ಬಳಸೋಣ, ಗೋಡೆಯ ಪ್ಲಗ್ಗಿನ ಹತ್ತಿರ ಹೋಗುವುದು ಬೇಡ. ಮಗ್ಗ ರಿಪೇರಿ ಮಾಡುವ, ಎರಕದ ಮಾದರಿ ಕೆತ್ತುವ ನಮ್ಮ ಹಿರಿಯರನ್ನು ಅತಿಥಿಗಳಾಗಿ ಕರೆಯೋಣ. ತಂದೆಗೆ ಗೊತ್ತಿರುವುದೂ ವಿದ್ಯೆಯೇ ಎಂದು ಮಕ್ಕಳು ಆಗ ಕಾಣುತ್ತಾರೆ. ಧರ್ಮಕೇಂದ್ರದ ಸಭಾಂಗಣ ಎಲ್ಲ ಸಮುದಾಯದ ಮಕ್ಕಳಿಗೂ ತೆರೆದಿರಲಿ.

ಹೆತ್ತವರೇ, ನಿಮ್ಮಲ್ಲೂ ಒಂದು ಮಾತು. ಮಗ ಹಳೆಯ ರೇಡಿಯೋ ಬಿಚ್ಚಿದರೆ ಬೈಯುವ ಮೊದಲು ಒಳಗೆ ಏನು ಕಂಡಿತು ಎಂದು ಕೇಳಿ. ಮಗಳನ್ನು ಅಡುಗೆ ಮನೆಗೆ ಕರೆಯುವ ಹೊತ್ತಿನಲ್ಲೇ ಅವಳ ಪ್ರಯೋಗವೂ ನಡೆಯುತ್ತಿದ್ದರೆ ಅರ್ಧ ಗಂಟೆ ಕಾಯಿರಿ. ಈ ಜೂನ್‌ನಲ್ಲಿ ಶಾಲೆ ಆರಂಭವಾಗುವಾಗ ನಿಮ್ಮ ಮನೆಯ ಒಂದು ಮಗುವಿನ ಹೆಸರನ್ನು ನಮ್ಮ ಯುವಜನ ಸಂಘಕ್ಕೆ ಕೊಡಿ. ಮನೆಯಲ್ಲಿ ಬಿದ್ದಿರುವ ಹಳೆಯ ಟಾರ್ಚು, ಖಾಲಿ ಬಾಟಲಿ, ತುಂಡು ದಾರವನ್ನೂ ಅದರ ಕೈಯಲ್ಲಿ ಕಳಿಸಿಕೊಡಿ.